ಬೆಳಿಗ್ಗೆ ಏಳರ ಮಿಸ್ಡ್ ಕಾಲ್

ಸಾಗರದ ಡಾಕ್ಟರು ಚೀಟಿಯ ಹಿಂದೆ ಒಂದು ಫೋನ್ ನಂಬರ್ ಬರೆದುಕೊಟ್ಟು, "ಕುಡಿತ ಬಿಟ್ಟೋರೇ ಸೇರಿ ನಡೆಸೋ ಮೀಟಿಂಗ್ ಇದೆ, ಹೋಗಿ ಕೂತ್ಕೊಳ್ಳಿ" ಎಂದಿದ್ದರು. ಎರಡು ತಿಂಗಳು ಆ ಚೀಟಿ ನನ್ನ ಜೇಬಿನಲ್ಲೇ ಇತ್ತು. ಕೊನೆಗೆ ಫೋನ್ ಮಾಡಿದ್ದು ನಾನಲ್ಲ, ನನ್ನ ಹೆಂಡತಿ.

ಸಾಗರದಲ್ಲೇ ಮೀಟಿಂಗ್ ಇತ್ತು. ಆದರೆ ಜೋಗದ ಪವರ್ ಹೌಸಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಸಾಗರದ ಪೇಟೆಯಲ್ಲಿ ಹತ್ತು ಹೆಜ್ಜೆಗೊಬ್ಬ ಪರಿಚಯದವನು ಸಿಗುತ್ತಾನೆ. ಅದೇ ಪೇಟೆಯ ಚರಂಡಿ ಪಕ್ಕ ಬಿದ್ದಾಗ ಬಾರದ ನಾಚಿಕೆ, ಕುಡಿತ ಬಿಡಲು ಹೊರಟಾಗ ಬಂತು. ಹಾಗಾಗಿ ಎರಡು ಬಸ್ಸು ಹಿಡಿದು ಹೊಸನಗರದ ಮೀಟಿಂಗಿಗೆ ಹೋಗತೊಡಗಿದೆ. ಕ್ವಾರ್ಟರ್ಸಿನ ಪಕ್ಕದ ಮನೆಯವರಿಗೆ ಹಲ್ಲಿನ ಡಾಕ್ಟರ ಹತ್ತಿರ ಎಂದು ಹೇಳುತ್ತಿದ್ದೆ. "ಪ್ರತಿ ಶನಿವಾರ ಹೋದ್ರೆ ಬಾಯಲ್ಲಿ ಒಂದಾದ್ರೂ ಹಲ್ಲು ಉಳಿದೀತಾ ಮಾರಾಯ್ರೆ?" ಎಂದು ಅವರು ನಗುತ್ತಿದ್ದರು.

ಮೀಟಿಂಗ್ ಅಂದರೆ ಮುಚ್ಚಿಹೋದ ಟೈಪಿಂಗ್ ಕ್ಲಾಸಿನ ಕೋಣೆ, ಆರು ಪ್ಲಾಸ್ಟಿಕ್ ಕುರ್ಚಿ, ನಾಲ್ಕೈದು ಜನ. ಅಲ್ಲಿ ಹೆಸರು ಕೇಳುವಂತಿಲ್ಲ, ಊರು ಕೇಳುವಂತಿಲ್ಲ. ನಮ್ಮ ಕಡೆ ಇದು ಆಗುವ ಹೋಗುವ ಮಾತಲ್ಲ. ಬಸ್ಸಿನಲ್ಲಿ ಪಕ್ಕ ಕೂತವನು ಯಾವೂರು, ಯಾರ ಮನೆ ಎಂದು ಕೇಳಿದ ಮೇಲೆಯೇ ಟಿಕೆಟ್ ತೆಗೆಯುವುದು. ಮೊದಲ ದಿನವೇ ಚಹಾ ಕುಡಿಯುವಾಗ ಒಬ್ಬ ಕೇಳಿಯೇಬಿಟ್ಟ. ಅವನು ಮೇಗರವಳ್ಳಿಯವನು, ತೀರ್ಥಹಳ್ಳಿ ಮೇಲೆ ಬರುತ್ತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ಗೂಡ್ಸ್ ಆಟೋ ಓಡಿಸುತ್ತಿದ್ದ. ಕುಡಿದು ಆಟೋವನ್ನು ಹಳ್ಳಕ್ಕೆ ಇಳಿಸಿದ್ದ. ನನ್ನ ಹಾಗೆ ಅವನೂ ಊರಿನವರ ಕಣ್ಣು ತಪ್ಪಿಸಿ ಇಷ್ಟು ದೂರ ಬಂದವನು.

"ಇನ್ನೊಂದ್ಸಲ ಕುಡಿದ್ರೆ ಮಗಳನ್ನ ಕರ್ಕಂಡು ಹೋಗ್ತೀನಿ ಅಂದಿದಾಳೆ ಹೆಂಡ್ತಿ. ಅವ್ಳು ಸುಮ್ನೆ ಹೇಳೋಳಲ್ಲ" ಎಂದ.

ಅವನು ನನ್ನ ಫೋನಿನಲ್ಲಿ 'ಮೇಗರವಳ್ಳಿ' ಆದ, ನಾನು ಅವನ ಫೋನಿನಲ್ಲಿ 'ಜೋಗ' ಆದೆ. ಮಿಸ್ಡ್ ಕಾಲಿನ ಉಪಾಯ ಅವನದ್ದೇ. ಅವನ ಮನೆಯಲ್ಲಿ ಸಿಗ್ನಲ್ ಇಲ್ಲ. ಬೆಳಿಗ್ಗೆ ಏಳಕ್ಕೆ ಬಸ್ ಸ್ಟಾಪಿನ ತನಕ ನಡೆದು ಬಂದು ನನಗೊಂದು ರಿಂಗ್ ಕೊಡುತ್ತಿದ್ದ. ನಿನ್ನೆ ಕುಡಿದಿಲ್ಲ ಎಂದು ಅರ್ಥ. ನಾನೂ ಕುಡಿದಿರದಿದ್ದರೆ ವಾಪಸ್ ಒಂದು ರಿಂಗ್. ಅದು ಬಂದ ಮೇಲೆಯೇ ಅವನು ಮನೆಗೆ ಹೋಗಿ ತಿಂಡಿ ತಿನ್ನುವುದು. ಮೀಸೆ ಬಂದ ಗಂಡಸರಿಗೆ ಇದೆಂಥ ಹುಡುಗಾಟ ಎಂದು ಮೊದಲು ನಗು ಬಂದಿತ್ತು. ಆ ಹುಡುಗಾಟದ ಬಲದಲ್ಲೇ ನಾನು ಏಳು ತಿಂಗಳು ಕುಡಿಯಲಿಲ್ಲ.

ಎಂಟನೇ ತಿಂಗಳು ನಮ್ಮ ಶಿಫ್ಟಿನವರೊಬ್ಬರು ನಿವೃತ್ತರಾದರು. ಮಧ್ಯಾಹ್ನದ ಊಟಕ್ಕೆ ಮೊದಲು ಯಾರೋ ಕೈಗೊಂದು ಗ್ಲಾಸ್ ಕೊಟ್ಟರು. ಬೇಡ ಎನ್ನಲು ಒಂದು ಉಸಿರು ಸಾಕಿತ್ತು. ಎನ್ನಲಿಲ್ಲ. ಮರುದಿನ ಏಳಕ್ಕೆ ಫೋನ್ ಒಮ್ಮೆ ರಿಂಗಾಗಿ ನಿಂತಿತು. ಅವನು ಬಸ್ ಸ್ಟಾಪಿನಲ್ಲಿ ನಿಂತು ಕಾಯುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಸಿಡಿಯುವ ತಲೆ ಹಿಡಿದುಕೊಂಡೇ ವಾಪಸ್ ರಿಂಗ್ ಕೊಟ್ಟೆ. ಇವತ್ತೊಂದು ದಿನ, ನಾಳೆಯಿಂದ ಸರಿಮಾಡಿಕೊಳ್ಳುತ್ತೇನೆ ಎಂದುಕೊಂಡೆ. ಆರು ವಾರ ಹಾಗೇ ಅಂದುಕೊಂಡೆ.

ಮೀಟಿಂಗಿಗೂ ತಪ್ಪದೆ ಹೋದೆ. ಒಂದು ಶನಿವಾರ ಅವನು ಎಲ್ಲರೆದುರು ಹೇಳಿದ: "ಬೆಳಿಗ್ಗೆ ಇವರ ರಿಂಗ್ ಬಂದ್ರೆ ಆ ದಿನ ದಾಟ್ತೀನಿ. ಅಷ್ಟು ವರ್ಷ ಕುಡಿದೋರೇ ಬಿಟ್ಟಿದಾರೆ, ನಂಗೇನು ಧಾಡಿ ಅನ್ಸುತ್ತೆ."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಿಜ ಹೇಳಿ, ಹಗುರಾಗುತ್ತೀರಿ ಎಂದು ಅಲ್ಲಿ ಪ್ರತಿ ವಾರ ಹೇಳುತ್ತಿದ್ದರು. ಮುಂದಿನ ಶನಿವಾರ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಗ್ಲಾಸು, ಆರು ವಾರ, ಸುಳ್ಳು ರಿಂಗು, ಯಾವುದನ್ನೂ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ. ಹೊರಗೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಿ" ಎಂದು ತೀರ್ಥಹಳ್ಳಿ ಬಸ್ ಹತ್ತಿದ. ನಾನು ನಿಜಕ್ಕೂ ಹಗುರಾಗಿದ್ದೆ. ಸಾಗರದ ತನಕ ಬಸ್ಸಿನಲ್ಲಿ ಗೊರಕೆ ಹೊಡೆದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಭಾನುವಾರ ಏಳಕ್ಕೆ ಫೋನ್ ರಿಂಗಾಗಲಿಲ್ಲ. ಸೋಮವಾರವೂ ಇಲ್ಲ. ನಾನೇ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಮಂಗಳವಾರ ರಜೆ ಹಾಕಿ, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು, ಮಧ್ಯಾಹ್ನದ ಹೊತ್ತಿಗೆ ಮೇಗರವಳ್ಳಿ ಮುಟ್ಟಿದೆ. ಗೂಡ್ಸ್ ಆಟೋದವನ ಮನೆ ಎಂದು ಕೇಳಿದ್ದಕ್ಕೆ ಬಸ್ ಸ್ಟಾಪಿನ ಅಂಗಡಿಯವನು ದಾರಿ ತೋರಿಸಿದ.

ಬಾಗಿಲು ತೆರೆದೇ ಇತ್ತು. ಅವನು ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಬಿದ್ದಿದ್ದ. ವಾಸನೆ ಜಗುಲಿಗೇ ಬರುತ್ತಿತ್ತು. ಭುಜ ಹಿಡಿದು ಅಲುಗಿಸಿದೆ, ಏಳಲಿಲ್ಲ. ಅವನ ಹೆಂಡತಿ ಮಗಳ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದಳು.

"ಜೋಗದೋರು ನೀವೇನಾ?" ಎಂದು ಕೇಳಿದಳು.

ಹೌದು ಎಂದೆ. ಅವನಿಗೆ ಸುಳ್ಳು ಹೇಳಿಕೊಂಡಿರಲು ನನ್ನಿಂದ ಆಗಲಿಲ್ಲ ಎಂದೂ ಹೇಳಿದೆ.

ಆಕೆ ಬ್ಯಾಗಿನ ಜಿಪ್ ಎಳೆದಳು. ದನಿ ಏರಿಸಲಿಲ್ಲ.

"ದಿನಕ್ಕೊಂದು ರಿಂಗ್ ಅಲ್ವಾ ಕೊಡ್ಬೇಕಾಗಿದ್ದಿದ್ದು? ಇನ್ನೊಂದಷ್ಟು ದಿನ ಸುಳ್ಳೇ ಹೇಳ್ಬಹುದಿತ್ತಲ್ಲ ನೀವು."