ಕಡಿವಾಣವಿಲ್ಲದ ಕುದುರೆ

ಆಲಂಕಾರಿನ ತಿರುವಿನಲ್ಲಿ ಲಾರಿಯ ಹಾರ್ನ್ ಕೇಳಿದ್ದೇ ತಡ, ನನ್ನ ಸ್ಕೂಟರಿನ ಎದುರಿಗಿದ್ದ ಕಂದು ಕುದುರೆ ಮುಂಗಾಲೆತ್ತಿ ನಿಂತುಬಿಟ್ಟಿತು. ನಾನು ಬ್ರೇಕ್ ಹಾಕಿ ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ, ಕುದುರೆಯ ಮೇಲಿದ್ದ ಹಮೀದಾಕ ಹಗ್ಗವನ್ನು ಎಳೆಯುವ ಬದಲು ಸಡಿಲ ಬಿಟ್ಟು ಅದರ ಕುತ್ತಿಗೆ ನೇವರಿಸುತ್ತಿದ್ದರು. ಕುದುರೆ ಎರಡು ಹೆಜ್ಜೆ ಹಿಂದೆ ಸರಿದು, ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟು ತಲೆ ತಗ್ಗಿಸಿತು.

ಗಲ್ಫಿನ ಕುದುರೆ ಲಾಯದಲ್ಲಿ ದುಡಿದು ಊರಿಗೆ ಮರಳಿದ ಹಮೀದಾಕ ನನಗೆ ಪರಿಚಿತರೇ. ಆದರೆ ಹತ್ತಿರ ಹೋದಾಗ ಕಂಡದ್ದು ಹೊಸತು. ಕುದುರೆಯ ಬಾಯಿಯಲ್ಲಿ ಕಬ್ಬಿಣದ ಕಡಿವಾಣವೇ ಇರಲಿಲ್ಲ, ಮೂಗಿನ ಸುತ್ತ ಬರೀ ಒಂದು ಹಗ್ಗ.

“ಅಲ್ಲ ಹಮೀದಾಕ, ಕಡಿವಾಣ ಇಲ್ಲದೆ ಇದು ಓಡಿಹೋದ್ರೆ ಎಂತ ಮಾಡುದು?”

ಅವರು ಕೆಳಗಿಳಿದು ಕುದುರೆಯ ತುಟಿಯ ಅಂಚನ್ನು ಮೆಲ್ಲನೆ ಸರಿಸಿ ತೋರಿಸಿದರು. ಅಲ್ಲಿ ಹಳೆಯ ಗಾಯದ ಬಿಳಿ ಕಲೆಯಿತ್ತು. ಮೊದಲು ಎಲ್ಲೋ ಮದುವೆ ಮೆರವಣಿಗೆಗೆ ಹೋಗುತ್ತಿದ್ದ ಕುದುರೆಯಂತೆ ಅದು.

“ಕಬ್ಬಿಣ ಇರುವಾಗಲೇ ಇದು ಎರಡು ಸಲ ಓಡಿದ್ದು ಅಕ್ಕಾ. ನೋವಾದ್ರೆ ಯಾರು ನಿಲ್ತಾರೆ? ಈಗ ಹೆದರಿಕೆ ಆದ್ರೆ ನನ್ನ ಕಡೆ ಕಿವಿ ತಿರುಗಿಸ್ತದೆ, ಎಂತ ಮಾಡುದು ಅಂತ.”

ಮರುದಿನ ಬೆಳಿಗ್ಗೆ ನಮ್ಮ ಮನೆಯ ಕಡಸು ತೋಡು ದಾಟಲು ಒಪ್ಪದೆ ನಿಂತಿತು. ಎಂದಿನಂತೆ ಜಗ್ಗಿ ಎಳೆಯದೆ ನಾನೂ ಅದರ ಪಕ್ಕದಲ್ಲಿ ಸುಮ್ಮನೆ ನಿಂತೆ. ಕಾಲು ಗಂಟೆ ಅದು ಅಲುಗಲಿಲ್ಲ, ಆಚೆ ದಡದಲ್ಲಿದ್ದ ಅತ್ತೆ ನಗತೊಡಗಿದರು. ಕೊನೆಗೆ ಕಡಸು ನೀರನ್ನು ಮೂಸಿ ನೋಡಿ, ನನಗಿಂತ ಮೊದಲು ತಾನೇ ದಾಟಿತು.