ಬರೀ ಬೀಜದ ಆರು ಸಾಲು

ನಶ್ಯ ಏರಿಸುವವರ ಹಾಗೆ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ಮೂಸುವ ಹೆಣ್ಣುಮಗಳನ್ನು ನಾನು ಕಂಡದ್ದು ಒಬ್ಬರನ್ನೇ. ಗಿರಿಜಾ ಬಾಯಾರು. ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದಿ ಡಾಕ್ಟರಾಗಿ, ಹೊಸದಾಗಿ ನೌಕರಿ ಹಿಡಿದು, ರಾಮದುರ್ಗದಿಂದ ಬಸ್ಸಿನಲ್ಲಿ ಸಾಲಹಳ್ಳಿಯ ನನ್ನ ಎರೆಹೊಲಕ್ಕೆ ಬಂದಿದ್ದರು. ಅವರ ಕಚೇರಿಯಿಂದ ಹೊಲಕ್ಕೆ ಇಳಿದ ಮೊದಲ ಹೆಂಗಸು ಅವರೇ. ನನ್ನ ಹೊಲವನ್ನೇ ಆರಿಸಿದ್ದು ನೆಲದ ಗುಣ ನೋಡಿ ಎಂದು ಅವರು ಹೇಳಿದರು. ಮಾಲಕನ ಗುಣ ನೋಡಿ ಎಂದು ನಾನು ಊರಿಗೆಲ್ಲ ಸಾರಿದೆ.

ಊರಲ್ಲಿ ನನ್ನ ಕೈಯಲ್ಲಿ ಮೋಸ ಹೋಗದವರು ಯಾರೂ ಉಳಿದಿರಲಿಲ್ಲ. ಬಾಯಾರನ್ನೇಕೆ ಬಿಡಲಿ? ಮಣ್ಣು ತುಂಬುವ ಅವರ ಚೀಲದಲ್ಲಿ ಒಂದು ಕಪ್ಪೆ ಇಟ್ಟು, ಕಿರುಚಿ ಓಡುತ್ತಾರೆಂದು ಬದುವಿನ ಮೇಲೆ ಕುಳಿತು ಕಾದೆ. ಅವರು ಕಪ್ಪೆಯನ್ನು ಹಿಡಿದು, ತಿರುಗಿಸಿ ನೋಡಿ, ಕೆಳಗೆ ಬಿಟ್ಟು, ನೋಟುಬುಕ್ಕಿನಲ್ಲಿ ಏನೋ ಬರೆದುಕೊಂಡರು. ಇಣುಕಿದೆ. ‘ಚೀಲದಲ್ಲಿ ಕಪ್ಪೆ, ಒಂದು. ಇಟ್ಟವರು: ರುದ್ರಪ್ಪ.’

“ಇದನ್ನೂ ಬರೀತೀರೇನ್ರಿ ಬಾಯಾರ?”

“ಕಂಡದ್ದೆಲ್ಲಾ ಬರೀಬೇಕ್ರಿ ಅಣ್ಣಾರ. ನಮಗ ಬೇಕಾದ್ದಷ್ಟ ಬರದ್ರ ಅದು ಜಾತಕ ಆಗತೈತಿ.”

ಅವರ ಪ್ರಯೋಗ ಇಷ್ಟೇ. ಆರು ಸಾಲಿಗೆ, ಬೆಲ್ಲದ ನೀರಲ್ಲಿ ಕಲಸಿದ ಕರಿ ಪುಡಿ ಹಚ್ಚಿ ಒಣಗಿಸಿದ ಜೋಳ. ಪಕ್ಕದ ಆರು ಸಾಲಿಗೆ ಬರೀ ಬೀಜ. ಎರಡಕ್ಕೂ ಗೊಬ್ಬರ ಕೂಡದು. ಪುಡಿಯಲ್ಲಿ ಜೀವಿಗಳಿವೆ, ಬೇರಿಗೆ ಅನ್ನ ಮಾಡಿಕೊಡುತ್ತವೆ ಎನ್ನುತ್ತಿದ್ದರು. ಅವರ ಸಾಹೇಬರು ಕೊಟ್ಟದ್ದು ಒಂದೇ ಹಿಂಗಾರಿ ಬೆಳೆಯ ಅವಕಾಶ. ಗೆದ್ದರೆ ಹೊಲದ ಕೆಲಸ, ಸೋತರೆ ಮತ್ತೆ ಒಳಗೆ ಕುಳಿತು ಗಾಜಿನ ಬಾಟಲಿ ತೊಳೆಸುವ ಕೆಲಸ.

ಬರೀ ಬೀಜದ ಸಾಲು ಬಿದ್ದದ್ದು ರಸ್ತೆಯ ಬದಿಗೆ. ಹಳದಿ ತಿರುಗಿ ಜೋತುಬಿತ್ತು. ತೊರಗಲ್ಲಿನ ಕಡೆ ಹೋಗುವವರು ಚಕ್ಕಡಿ ನಿಲ್ಲಿಸಿ, ರುದ್ರಪ್ಪನ ಜೋಳಕ್ಕೆ ಕಾಮಾಲೆಯೇ ಎಂದು ಕೇಳತೊಡಗಿದರು. ಊರನ್ನೆಲ್ಲ ನೋಡಿ ನಗುತ್ತಿದ್ದವನು ನಾನು. ನನ್ನನ್ನು ನೋಡಿ ಊರು ನಕ್ಕರೆ? ಸ್ವಾತಿ ಮಳೆ ಬಿದ್ದ ಮರುದಿನ ಒಂದು ಬುಟ್ಟಿ ಸರಕಾರಿ ಗೊಬ್ಬರವನ್ನು, ಅದೇ ಬಿಳಿ ಯೂರಿಯಾವನ್ನು, ಆ ಆರು ಸಾಲಿಗೆ ಎರಚಿಬಿಟ್ಟೆ.

ಜೋಳ ಕಪ್ಪಗೆ ಹಸಿರೇರಿ, ಪುಡಿ ಹಚ್ಚಿದ್ದನ್ನು ಗೇಣುದ್ದ ಮೀರಿತು.

ಬಾಯಾರು ಬಂದರು, ಅಳೆದರು, ಮತ್ತೆ ಅಳೆದರು. ಗಿಡ ಕಿತ್ತು ಬೇರು ತೊಳೆದು ಬಿಸಿಲಿಗೆ ಹಿಡಿದು ನೋಡಿದರು. ನನ್ನ ಹೆಂಡತಿ ಕೊಟ್ಟ ರೊಟ್ಟಿ ತಟ್ಟೆಯಲ್ಲೇ ಒಣಗಿತು. ಪುಡಿ ಸತ್ತುಹೋಗಿತ್ತೇನೋ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಗೊಬ್ಬರದ ಬುಟ್ಟಿಯನ್ನು ಬಣವೆಯ ಹಿಂದೆ ಅಡಗಿಸಿದೆ. ಗುರುವಾರ ಸಾಹೇಬರು ನೋಡಲು ಬರುವವರಿದ್ದರು.

ಗುರುವಾರ ಬೆಳಿಗ್ಗೆ ನನ್ನ ತಲೆ ಓಡಿತು. ಯಾವ ಸಾಲು ಯಾವುದೆಂದು ಬಾಯಾರು ಬರೆದು ನೆಟ್ಟಿದ್ದ ಎರಡು ತಗಡಿನ ಫಲಕಗಳನ್ನು ಕಿತ್ತು, ಇದನ್ನು ಅಲ್ಲಿ, ಅದನ್ನು ಇಲ್ಲಿ ನೆಟ್ಟೆ.

ಬಾಯಾರು ಜೀಪಿನಲ್ಲೇ ಬಂದಿಳಿದರು. ಸಾಹೇಬರು ‘ಪುಡಿ’ ಎಂಬ ಫಲಕ ಓದಿ, ಎದೆಯೆತ್ತರದ ಜೋಳ ನೋಡಿ, ಶಾಭಾಸ್ ಎಂದರು. ಬಾಯಾರು ಫಲಕ ನೋಡಿದರು. ನನ್ನನ್ನು ನೋಡಿದರು. ಸುಮ್ಮನಿದ್ದರೆ ಸಾಕು. ಸುಮ್ಮನಿರಲಿ ಎಂದು ನಾನು ಸವದತ್ತಿಯ ಗುಡ್ಡದ ತಾಯಿಗೆ ಒಳಗೊಳಗೇ ಹರಕೆ ಹೊತ್ತೆ.

“ಫಲಕ ಅದಲಬದಲ ಆಗ್ಯಾವ್ರಿ ಸರ್. ಇದು ಬರೀ ಬೀಜ.”

ಸಾಹೇಬರ ಮುಖ ಇಳಿಯಿತು. “ಅಂದ್ರ ನಿಮ್ಮ ಪುಡಿ ಸೋತಂಗ?”

“ಇವತ್ತ ಕಾಣೋದು ಹಂಗ ಐತ್ರಿ.”

“ಹಂಗಾದ್ರ ಸೋಮವಾರದಿಂದ ಲ್ಯಾಬಿನ್ಯಾಗ ಕುಂಡ್ರರಿ.”

ಬಾಯಾರು ಬಗ್ಗಿ ಎರಡೂ ಫಲಕ ಕಿತ್ತು ಅವುಗಳ ಜಾಗಕ್ಕೆ ಮರಳಿ ನೆಟ್ಟರು. ಜನ್ಮದಲ್ಲಿ ಮೊದಲ ಸಲ, ಯಾರೂ ಹಿಡಿಯುವ ಮೊದಲೇ ನಾನು ತಪ್ಪೊಪ್ಪಿಕೊಂಡೆ. ಗೊಬ್ಬರ ಹಾಕಿದ್ದೂ ನಾನೇ, ಫಲಕ ಬದಲಿಸಿದ್ದೂ ನಾನೇ.

ಬಾಯಾರು ಬೈಯಲಿಲ್ಲ. ಪೆನ್ನು ತೆರೆದರು. “ಕಾರಣ ಏನಂತ ಬರೀಲ್ರಿ ಅಣ್ಣಾರ?”

“ದಾರ್ಯಾಗ ಹೋಗೋರು ನಗತಿದ್ರರೀ.”

‘ಕಾರಣ: ನಾಚಿಕೆ’ ಎಂದು ಬರೆದು, ಹಾಳಾದದ್ದು ಪ್ರಯೋಗ, ಪುಡಿಯಲ್ಲ, ಇನ್ನೊಂದು ಹಿಂಗಾರಿ ಬೇಕು ಎಂದು ಸಾಹೇಬರನ್ನು ಕೇಳಿದರು. ಅದೂ ಇದೇ ಹೊಲದಲ್ಲಿ. ಈ ಮನುಷ್ಯ ಮತ್ತೆ ಗೊಬ್ಬರ ಹಾಕಿದರೆ ಎಂದು ಸಾಹೇಬರು ರೇಗಿದರು.

“ಹಾಕಿದ್ರ ಬರಕೊಂತೇನ್ರಿ.”

ಮರುವರ್ಷ ಬರೀ ಬೀಜದ ಸಾಲಿಗೆ ಗೊಬ್ಬರ ಬೀಳದಂತೆ ನಾನೇ ಕಾದೆ. ಚಕ್ಕಡಿ ನಿಲ್ಲಿಸಿ ನಕ್ಕವರ ಜೊತೆ ನಾನೂ ನಕ್ಕೆ. ಪುಡಿ ಗೆದ್ದಿತು. ಬಾಯಾರು ಮುಂದೆ ಎಷ್ಟೋ ಊರುಗಳ ಹೊಲ ತುಳಿದರು; ಅವರ ಹಿಂದೆ ಎಷ್ಟೋ ಹೆಣ್ಣುಮಕ್ಕಳು ಆ ಕಚೇರಿಯಿಂದ ಹೊಲಕ್ಕಿಳಿದರು.

ಬಾಯಾರು ಕೊನೆಯ ಸಲ ಬಂದಾಗ ಅವರ ಕೈಯಲ್ಲಿ ಕೋಲಿತ್ತು. ಕಷ್ಟಪಟ್ಟು ಬಗ್ಗಿ ಚಿಟಿಕೆ ಮಣ್ಣು ಮೂಸಿ, “ಈ ಸಲ ಏನ ಹಾಕೀರಿ, ಖರೇ ಹೇಳ್ರಿ” ಎಂದರು. ಏನೂ ಇಲ್ಲ ಎಂದೆ. ಇನ್ನೊಮ್ಮೆ ಮೂಸಿದ ಮೇಲೆಯೇ ನಂಬಿದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಈ ಹಿಂಗಾರಿಗೂ ರಸ್ತೆ ಬದಿಯ ಆರು ಸಾಲಿಗೆ ಬರೀ ಬೀಜ ಬಿತ್ತಿದ್ದೇನೆ. ಹಳದಿಯಾಗಿ ನಿಂತಿವೆ. ಹೋಗುವವರು ಬೈಕು ನಿಲ್ಲಿಸಿ, ಮುದುಕನಿಗೆ ಅರಳುಮರಳು ಎಂದು ನಗುತ್ತಾರೆ. ಕಾರಣ ಕೇಳಿ ಬರೆದುಕೊಳ್ಳುವವರು ಯಾರೂ ಇಲ್ಲ.