ಐದು ಮನೆ ಬೇಡದ ಸೇನಾಪತಿ

ಧರ್ಮಯುದ್ಧದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮಸ್ಕಿಯಲ್ಲಿ ನಮ್ಮ ದೊಡ್ಡವ್ವನ ಮನೆಯ ಟಿವಿ ಮುಂದೆ ಕೂತು ಕಲಿತದ್ದು ಎಂದರೆ ನನಗೆ ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ಬೇಜಾರಾಗಬಹುದು. ಆಗಲಿ. ಅದು ನನಗೆ ಕೊಟ್ಟದ್ದು ಒಂದು ಎಂ.ಎ. ಮತ್ತು ಯಾವುದನ್ನೂ ನಂಬದ ಚಟ. ಎಂ.ಎ.ಯಿಂದ ಸಿಂಧನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನ ಕುರ್ಚಿ ಸಿಕ್ಕಿತು; ಅತಿಥಿ ಎಂದು ಕರೆಯುತ್ತಾರೆ, ಚಹಾ ಮಾತ್ರ ನಾವೇ ತರಿಸಬೇಕು. ಚಟ ಈಗ ಬೆಳೆದು ನನ್ನ ನೆನಪಿನವರೆಗೂ ಬಂದಿದೆ. ಕಣ್ಣಾರೆ ಕಂಡದ್ದನ್ನೂ ಹೌದೋ ಅಲ್ಲವೋ ಎಂದು ತಿರುವಿ ಹಾಕುತ್ತೇನೆ. ಆದ್ದರಿಂದ ಇಲ್ಲಿ ಅನುಮಾನ ಇರುವ ಕಡೆ ಅನುಮಾನವಿದೆ ಎಂದೇ ಹೇಳಿಬಿಡುತ್ತೇನೆ.

ಅಲ್ಲಿ ನೋಡುತ್ತಿದ್ದ ಆಕಾಶಯುದ್ಧದ ಧಾರಾವಾಹಿ ಯಾವ ದೇಶದ್ದೋ ಏನೋ, ನಮ್ಮ ಪಾಲಿಗೆ ಬಂದದ್ದು ತೆಲುಗಿನಲ್ಲಿ. ಕಾಲುವೆ ನೀರಿನ ಹಿಂದೆಯೇ ತೆಲುಗೂ ಹರಿದು ಬಂದ ಸಿಂಧನೂರು ಕಡೆಯವರಿಗೆ ಇದೊಂದು ತೊಡಕೇ ಅಲ್ಲ. ದೊಡ್ಡವ್ವನಿಗೆ ಮಾತ್ರ ತೆಲುಗು ಅರ್ಧಂಬರ್ಧ. ಹಾಗಾಗಿ ಅವಳ ಮಗ, ಎಂದರೆ ನನ್ನ ಅಣ್ಣ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದ. ಅಣ್ಣ ಲಿಂಗಸುಗೂರಿನ ಒಂದು ಬೀಜ, ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ. ಭಾನುವಾರ ಅವನು ಅಲ್ಲಿಂದ, ನಾನು ಸಿಂಧನೂರಿನಿಂದ ಮಸ್ಕಿಗೆ ಬಂದು, ದೊಡ್ಡವ್ವನ ರೊಟ್ಟಿ, ಪುಂಡಿಪಲ್ಯ ಮುಗಿಸಿ ಮಧ್ಯಾಹ್ನ ಮೂವರೂ ಆಕಾಶಕ್ಕೆ ಹೋಗುತ್ತಿದ್ದೆವು. ಅಣ್ಣ ಮೂಲದಲ್ಲಿ ಇದ್ದದ್ದನ್ನು ಹೇಳುತ್ತಿದ್ದನೋ ತನಗೆ ಬೇಕಾದ್ದನ್ನು ಸೇರಿಸುತ್ತಿದ್ದನೋ ಈಗ ಹೇಳಲಾರೆ. ಕಥೆ ನನ್ನ ತಲೆಯಲ್ಲಿ ಉಳಿದಿರುವುದು ಅವನ ದನಿಯಲ್ಲೇ.

ಕಥೆ ಸರಳ. ಒಂದು ಜನಾಂಗ, ಅವರ ಸೂರ್ಯ ಎಂದೋ ಆರಿಹೋಗಿದೆ. ಆರಿದ ಸೂರ್ಯನೇ ನಿಜವಾದ ದೇವರು, ಇನ್ನೂ ಉರಿಯುತ್ತಿರುವ ಸೂರ್ಯರೆಲ್ಲ ಪಾಪಿಗಳು ಎಂದು ಅವರ ನಂಬಿಕೆ. ಆದ್ದರಿಂದ ಸೇನೆ ಕಟ್ಟಿಕೊಂಡು ಬೇರೆಯವರ ಸೂರ್ಯರನ್ನು ಆರಿಸುತ್ತ ತಿರುಗುತ್ತಾರೆ. ಬೆಳಕಿಗಿಂತ ಜೋರಾಗಿ ಓಡುವ ಹಡಗು ಮಾಡಬಲ್ಲ ಜನ; ಆದರೆ ಪಕ್ಕದ ಗ್ರಹದವನು ಇನ್ನೊಂದು ದಿಕ್ಕಿಗೆ ಕೈಮುಗಿದರೆ ಅವರಿಗೆ ಊಟ ಸೇರದು. ಇಂಥ ಧಾರಾವಾಹಿಗಳನ್ನು ಬಹಳ ನೋಡಿದ ಮೇಲೆ ನಾನೊಂದು ಸಿದ್ಧಾಂತ ಮಾಡಿಕೊಂಡಿದ್ದೆ. ಮತಾಂಧರು ಯಾವತ್ತೂ ಬೇರೆ ಗ್ರಹದಲ್ಲೇ ಇರುತ್ತಾರೆ. ನಿಲುವಂಗಿ ಹಾಕಿರುತ್ತಾರೆ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಮಾತಾಡುತ್ತಾರೆ, ಅವರ ಊರಲ್ಲಿ ಕರೆಂಟು ಸರಿಯಾಗಿ ಇರುವುದಿಲ್ಲ. ಅವರ ವಿರುದ್ಧ ಹೋರಾಡುವ ನಾಯಕರಿಗೆ ಬೆಳ್ಳನೆಯ ದೀಪ, ಇಸ್ತ್ರಿ ಬಟ್ಟೆ. ಅವರಿಗೆ ದೇವರೂ ಇಲ್ಲ, ದೊಡ್ಡವ್ವನೂ ಇಲ್ಲ. ಈ ವಿಷಯದ ಮೇಲೆ ಕಾಲೇಜಿನಲ್ಲಿ ಒಂದು ಉಪನ್ಯಾಸವನ್ನೂ ಕೊಟ್ಟೆ. ವಿದ್ಯಾರ್ಥಿಗಳು ಶಾಂತವಾಗಿ ಕೇಳಿದರು. ಕೆಲವರಿಗೆ ನಿದ್ದೆ ಹತ್ತಿತ್ತು.

ಯುದ್ಧಕ್ಕೆ ಮೊದಲು ಆ ಸೇನೆಯವರು ಉದ್ದ ಕೋಲಿನ ತುದಿಗೆ ಲೋಹದ ಹಸ್ತ ಸಿಕ್ಕಿಸಿ, ಅದಕ್ಕೆ ಕೆಂಪು ಹಸಿರು ರೇಷ್ಮೆ ಸುತ್ತಿ ಹೊತ್ತುಕೊಂಡು, ಕೆಂಡದ ಕುಣಿ ದಾಟುತ್ತಿದ್ದರು. ಧಾರಾವಾಹಿ ಮಾಡಿದವರು ಬಳಗಾನೂರಿಗೋ ತುರ್ವಿಹಾಳಕ್ಕೋ ಬಂದಿರುವ ಸಂಭವವಿಲ್ಲ. ಆದರೆ ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ದೇವರನ್ನು ಹೊರುವುದು ಹೆಚ್ಚುಕಡಿಮೆ ಹೀಗೇ. ಹೊರುವವರಲ್ಲಿ ಹಣೆಗೆ ವಿಭೂತಿ ಹಚ್ಚಿದವರೂ ಇರುತ್ತಾರೆ. ಯಾರು ಯಾಕೆ ಎಂದು ಕೇಳುವ ರೂಢಿ ಇರಲಿಲ್ಲ. ಮೊದಲ ಸಲ ಆ ಸೇನೆ ಪರದೆಯ ಮೇಲೆ ಬಂದಾಗ ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಟಿವಿಗೆ ಕೈಮುಗಿದಳು. ನಿಜವಾಗಿ ಮುಗಿದಳೋ, ಸ್ಟಾಫ್‌ರೂಮಿನಲ್ಲಿ ಕಥೆ ಹೇಳುವಾಗ ನಾನೇ ಅವಳ ಕೈ ಮುಗಿಸಿದೆನೋ, ಗಟ್ಟಿಯಾಗಿ ಹೇಳಲಾರೆ. ಮಾತು ಮಾತ್ರ ಅವಳದೇ. ಅಂಥ ಮಾತು ಕಟ್ಟುವ ತಾಕತ್ತು ನನಗಿಲ್ಲ.

"ಯವ್ವಾ, ಏನ್ ಮಾಡಾಕತ್ತೀಬೇ? ಅವ್ರು ರಾಕ್ಷಸ್ರು!" ಎಂದ ಅಣ್ಣ.

"ರಾಕ್ಷಸ್ರಿದ್ರ ಇರ್ಲಿ. ಅಲಾಯಿ ಹೊತ್ತಾರಲ್ಲೋ."

"ಅದು ಅಲಾಯಿ ಅಲ್ಲಬೇ. ಬ್ಯಾರೆ ನಕ್ಷತ್ರದ್ದು ಅದು."

"ಅಲ್ಲಿತನಾನೂ ಹೋಗ್ಯಾನಂದ್ರ ದೇವ್ರು ದೊಡ್ಡಾಂವ ಆದ. ನಿನಗೇನ್ ತ್ರಾಸು? ಹೊತ್ತಾಂವ ಕೆಟ್ಟಾಂವ ಆದ್ರ ಹೊರಿಸ್ಕೊಂಡಾಂವ ಏನ್ ಮಾಡ್ಬೇಕು?"

ಅಣ್ಣ ರಿಮೋಟು ಎತ್ತಿ ದನಿ ಜೋರು ಮಾಡಿದ. ಅವನ ಸಿಟ್ಟಿಗೆ ಬೇರೆ ಕಾರಣವಿತ್ತು.

ಹಿಂದಿನ ವರ್ಷ ಗುರುಗುಂಟಾದಿಂದ ಬರುವಾಗ ಕುರಿಹಿಂಡು ಅಡ್ಡ ಬಂದು ಅಣ್ಣ ಬೈಕಿನಿಂದ ಬಿದ್ದ. ಬಲಗಾಲು ಮುರಿಯಿತು. ರಾಯಚೂರಿನ ದವಾಖಾನೆಯಲ್ಲಿ ರಾಡು ಹಾಕಿದರು. ಇತ್ತ ದೊಡ್ಡವ್ವ ಹರಕೆ ಹೊತ್ತಳು: ಮಗ ಮೊದಲಿನಂತೆ ನಡೆದರೆ ಮೊಹರಂನಲ್ಲಿ ಅವನಿಗೆ ಫಕೀರನ ಲಾಡಿ, ಅಂದರೆ ಹರಕೆಯವರು ಫಕೀರರಾಗಲು ಹಾಕಿಕೊಳ್ಳುವ ಕೆಂಪು ದಾರ, ಕೊರಳಿಗೆ ಹಾಕಿಸಿ, ಬರಿಗಾಲಲ್ಲಿ ಐದು ಮನೆ ಭಿಕ್ಷೆ ಬೇಡಿಸಿ, ಅಲಾಯಿ ಮುಂದೆ ಸಕ್ಕರೆ ಇಟ್ಟು ಫಾತಿಹಾ ಓದಿಸುತ್ತೇನೆ ಎಂದು. ಅಣ್ಣ ನಡೆದ. ಸ್ವಲ್ಪ ಕುಂಟಿದರೂ ನಡೆದ. ಅದು ರಾಡಿನ ಮಹಿಮೆ ಎಂಬುದು ನನ್ನ ಅಭಿಪ್ರಾಯ. ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಹಾಸಿಗೆಯಲ್ಲಿ ಮಲಗಿದ್ದ ಆ ತಿಂಗಳುಗಳಲ್ಲಿ ಅಣ್ಣನ ಕೈಗೆ ಹೊಸ ಫೋನು ಬಂದಿತ್ತು. ಫೋನಿನೊಳಗೆ ಒಂದು ಗ್ರೂಪು. ಗ್ರೂಪಿನೊಳಗೆ ಶುದ್ಧ ಧರ್ಮ. ಡಾಕ್ಟರು ಕಾಲಿಗೆ ರಾಡು ಹಾಕಿದರು, ತಲೆಗೆ ಗ್ರೂಪಿನವರು ಹಾಕಿದರು.

"ನಾ ಲಾಡಿ ಹಾಕ್ಕೊಳ್ಳಾಂಗಿಲ್ಲ. ಅದು ನಮ್ದಲ್ಲ," ಎಂದ.

"ಕಾಲು ನಿಂದೋ ಅಲ್ಲೋ?" ಎಂದಳು ದೊಡ್ಡವ್ವ.

ಅಲ್ಲಿಂದ ಅವಳಿಗೆ ನೆಮ್ಮದಿ ಇಲ್ಲ. ತೀರಿಸದ ಹರಕೆ ಕೊಟ್ಟ ಕಾಲನ್ನು ವಾಪಸು ಕೇಳುತ್ತದೆ ಎಂಬುದು ಅವಳ ಭಯ. ಅಣ್ಣ ಬೈಕು ಚಾಲೂ ಮಾಡಿದರೆ ಸಾಕು, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬರುತ್ತಿದ್ದಳು. ಅವನು ಲಿಂಗಸುಗೂರು ಮುಟ್ಟಿ ಫೋನು ಮಾಡುವವರೆಗೆ ನೀರು ಕುಡಿಯುತ್ತಿರಲಿಲ್ಲ.

ಇಂಥ ಅಣ್ಣನಿಗೆ ಆ ಧಾರಾವಾಹಿ ಎಂದರೆ ಪ್ರಾಣ. ಆರಿದ ಸೂರ್ಯನ ಸೇನಾಪತಿ ಕಣ್ಣು ಕೆಂಪಗೆ ಮಾಡಿಕೊಂಡು "ನಾವು ಮಾತ್ರ ಶುದ್ಧರು" ಎಂದು ಕೂಗಿದಾಗಲೆಲ್ಲ ಅಣ್ಣ ತಲೆ ಅಲ್ಲಾಡಿಸಿ ಮರುಗುತ್ತಿದ್ದ.

"ನೋಡಲೇ ತಮ್ಮಾ, ಧರ್ಮದ ಹುಚ್ಚು ಹಿಡದ್ರ ಮನಷ್ಯಾ ಹೆಂಗಾಗ್ತಾನ!"

ಹೇಳುತ್ತಲೇ ಹೆಬ್ಬೆರಳಿನಿಂದ ಗ್ರೂಪಿನ ಮೆಸೇಜೊಂದನ್ನು ಹತ್ತು ಕಡೆ ಕಳಿಸುತ್ತಿದ್ದ. ನಾನು ಸುಮ್ಮನಿರುತ್ತಿದ್ದೆ. ಸಂಜೆ ಬಸ್‌ಸ್ಟ್ಯಾಂಡಿಗೆ ಅವನ ಬೈಕಿನ ಮೇಲೆಯೇ ಹೋಗಬೇಕಿತ್ತು; ವಿಚಾರವಾದಕ್ಕೂ ಒಂದು ಸಮಯ ಸಂದರ್ಭ ಇರುತ್ತದೆ.

ಒಂದು ಭಾನುವಾರ ಸೇನಾಪತಿ, ಹಸಿದು ಬಂದ ತನ್ನ ಸೇನೆಗೆ ಅನ್ನ ನೀರು ಕೊಟ್ಟಿದ್ದ ಪುಟ್ಟ ಗ್ರಹವೊಂದನ್ನೇ ಸುಟ್ಟುಬಿಟ್ಟ. ಅಲ್ಲಿಯವರು ಬೆಳಗ್ಗೆ ಉರಿಯುವ ಸೂರ್ಯನಿಗೆ ಕೈಮುಗಿಯುತ್ತಿದ್ದರಂತೆ. ದೊಡ್ಡವ್ವ ರಿಮೋಟು ತೆಗೆದುಕೊಂಡು ದನಿ ಸಣ್ಣ ಮಾಡಿದಳು. ಆಮೇಲೆ ಅಂದಳು:

"ಈ ಮಗಾ ಅಲಾಯಿ ಹೊತ್ತಾನ ಖರೆ, ಐದು ಮನಿ ಬೇಡಿಲ್ಲ. ಬೇಡಿದ್ರ ಹಿಂಗ ಮಾಡ್ತಿದ್ದಿಲ್ಲ. ಯಾರ ಮನಿ ಹೊಸ್ತಿಲಾಗ ಜೋಳಿಗಿ ಹಿಡದು ನಿಂತೀ ಆ ಮನಿಗಿ ಬೆಂಕಿ ಹಚ್ಚಾಕ ಕೈ ಬರ್ತೈತೇನು?"

"ಬರ್ತೈತಿ ದೊಡ್ಡವ್ವಾ," ಎಂದೆ. "ಬೇಡಿ ತಿಂದವ್ರು ನೀಡಿದವ್ರ ಊರು ಸುಟ್ಟದ್ದು ಇತಿಹಾಸದಾಗ ಬೇಕಾದಷ್ಟೈತಿ."

"ನಿಮ್ಮ ಇತಿಹಾಸದಾಗ ಬರೇ ಸುಟ್ಟವ್ರನ್ನ ಬರಕೊಂಡೀರಿ," ಎಂದು ಎದ್ದು ಚಹಾಕ್ಕೆ ಇಟ್ಟಳು. ನನಗೆ ಈಗಲೂ ನನ್ನ ಮಾತೇ ಸರಿ ಅನ್ನಿಸುತ್ತದೆ. ಅಣ್ಣ ಮಾತ್ರ ಅವತ್ತು ಇಬ್ಬರ ಮಾತಿಗೂ ಸೇರಲಿಲ್ಲ. ಐದು ಮನೆ ಎಂಬುದು ಯಾರಿಗೆ ಹೇಳಿದ್ದೆಂದು ಅವನಿಗೆ ಗೊತ್ತಾಗಿತ್ತು.

ಮೊಹರಂ ಹತ್ತಿರ ಬಂತು. ದೊಡ್ಡವ್ವ ನನ್ನನ್ನು ಕರೆದುಕೊಂಡು ಅಲಾಯಿ ನೋಡಿಕೊಳ್ಳುವ ಮುಜಾವರರ ಮನೆಗೆ ಹೋದಳು. ಅವರು ಟೇಲರ್, ಹೊಲಿಗೆ ಮಷಿನ್ನಿನ ಹಿಂದಿನಿಂದ ತಲೆ ಎತ್ತಿದರು.

"ಸಕ್ಕರಿ ಓದಿಸ್ಬೇಕಣ್ಣಾ," ಎಂದಳು.

"ಈ ಸಲ ಕಷ್ಟ ಐತಿ ತಂಗೆವ್ವಾ. ಮಸೀದಿಗಿ ಹೊಸಬ್ರು ಬಂದಾರ. ಸಕ್ಕರಿ ಓದೂದು, ಅಲಾಯಿ ಹೊರೂದು ಎಲ್ಲಾ ತಪ್ಪು, ನಮ್ದಲ್ಲ ಅಂತಾರ. ಬ್ಯಾರೆಯವ್ರು ಯಾಕ, ನನ್ನ ಮಗನ ಅಂತಾನ."

"ನಿನ್ನ ಮಗನೂ?"

"ಅಂದ್ರ ನಿನ್ನ ಮಗನೂ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮುಜಾವರರಿಗೆ ಮೊದಲು ನಗು ಬಂತು. ಮನುಕುಲದ ಎರಡು ಶುದ್ಧ ಸೇನೆಗಳು, ಒಂದರ ಮುಖ ಇನ್ನೊಂದು ನೋಡದಂಥವು, ಪ್ರಪಂಚದಲ್ಲಿ ಒಂದೇ ಒಂದು ವಿಷಯಕ್ಕೆ ಒಪ್ಪಿದ್ದವು: ದೊಡ್ಡವ್ವನ ಪಾವು ಸಕ್ಕರೆ ತಪ್ಪು.

"ಇಬ್ರನ್ನೂ ಒಂದ ಗ್ರೂಪಿಗೆ ಹಾಕಿಬಿಡ್ರಿ," ಎಂದೆ.

"ಸುಮ್ನಿರಲೇ ಸಾಲಿ ಕಲ್ತಾಂವ," ಎಂದಳು ದೊಡ್ಡವ್ವ.

ಮುಜಾವರರು ನೂಲು ಕಡಿದು ಯೋಚಿಸಿದರು. "ಬಾಯಿಲೆ ಓದಬ್ಯಾಡ ಅಂದಾರ. ಮನಸ್ನ್ಯಾಗ ಓದಬ್ಯಾಡ ಅಂತ ಯಾರೂ ಅಂದಿಲ್ಲ. ತಗೊಂಡು ಬಾ."

ಸಕ್ಕರೆ ಇತ್ಯರ್ಥವಾಯಿತು. ಉಳಿದದ್ದು ಲಾಡಿ. ಮಗ ಒಲ್ಲೆ ಎಂದರೆ ಏನು ಮಾಡುವುದು? ದೊಡ್ಡವ್ವ ನನ್ನ ಕೊರಳು ನೋಡಿದಳು. "ಇಂವ ಹಾಕ್ಕೊಂಡ್ರ? ಹೆಂಗೂ ಇಂವ ಏನೂ ನಂಬಾಂಗಿಲ್ಲ, ಖಾಲಿ ಗೂಟ ಇದ್ದಂಗ ಅದಾನ."

"ಬ್ಯಾರೆ ಕೊಳ್ಳಿಗಿ ಹಾಕಿದ್ರ ಬ್ಯಾರೆ ಹರಕಿ ಆಗ್ತೈತಿ," ಎಂದರು ಮುಜಾವರರು. ನನ್ನ ಕೊರಳು ಉಳಿಯಿತು. "ಹೆತ್ತಾಕಿ ನೀ ಹಾಕ್ಕೋಬಹುದು. ಬೇಡೂದೂ ನೀನ ಬೇಡು. ಆದ್ರ ಹರಕಿ ಯಾವ ಕಾಲಿಂದೋ ಆ ಕಾಲು ನಿನ್ನ ಹಿಂದ ಬರಿಗಾಲಾಗಿ ನಡೀಬೇಕು. ಎರಡು ಹೆಜ್ಜಿ ಆದ್ರೂ ಸಾಕು."

ಎರಡು ಹೆಜ್ಜೆಯನ್ನೂ ಅಣ್ಣ ಒಪ್ಪಲಿಲ್ಲ. ಹಬ್ಬದ ರಜೆಗೆ ಮಸ್ಕಿಗೆ ಬಂದವನು ಬೆಳಗ್ಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಫೋನು ನೋಡುತ್ತಿದ್ದ. ದೊಡ್ಡವ್ವ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯ ಮೇಲೇ ಕೆಂಪು ಲಾಡಿ ಹಾಕಿಕೊಂಡಳು. ಲಿಂಗ ಬೇಡ ಅನ್ನಲಿಲ್ಲ. ಜೋಳಿಗೆ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದಳು. ಇನ್ನಾರದೋ ಮನೆಗೆ ಹೋದಳೆಂದುಕೊಂಡೆ. ಸ್ವಲ್ಪ ಹೊತ್ತಿಗೆ ನಮ್ಮದೇ ತಲಬಾಗಿಲಲ್ಲಿ ದನಿ ಕೇಳಿತು.

"ಫಕೀರ ನಿಂತೈತ್ರೀ. ಭಿಕ್ಷಾ ನೀಡ್ರಿ."

ಅಣ್ಣ ಎದ್ದು ಹೋಗಿ ನೋಡಿದ. ಹೊಸ್ತಿಲಿನಾಚೆ ಅವನ ತಾಯಿ, ಜೋಳಿಗೆ ಒಡ್ಡಿಕೊಂಡು, ನೆಲ ನೋಡುತ್ತ.

"ಯವ್ವಾ, ಒಳಗ ಬಾರಬೇ! ಓಣಿ ಮಂದಿ ನೋಡಾಕತ್ತಾರ."

"ನೋಡ್ಲಿ. ನೀಡ್ತೀರೋ ಇಲ್ಲೋ ಹೇಳ್ರಿ. ಇಲ್ಲಂದ್ರ ಮುಂದಿನ ಮನಿಗಿ ಹೋಗ್ತೀನಿ."

ಅವಳು ಮಗನಿಗೆ 'ರೀ' ಹಚ್ಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಮನೆಯ ಬಾಗಿಲಿಗೆ ಬಂದವರು ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ಅಣ್ಣನನ್ನು ಬೆಳೆಸಿದ್ದೇ ಹಾಗೆ. ಶುದ್ಧ ಧರ್ಮದ ಗ್ರೂಪಿನಲ್ಲಿ ಎಲ್ಲದಕ್ಕೂ ಉತ್ತರವಿತ್ತು, ಹೆತ್ತವಳು ಭಿಕ್ಷೆಗೆ ಬಂದರೆ ಏನು ಮಾಡಬೇಕೆಂದು ಇರಲಿಲ್ಲ. ಅಣ್ಣ ಓಣಿಯ ಆಚೆ ಈಚೆ ನೋಡಿದ. ಕೊನೆಗೆ ಒಳಗೆ ಹೋದ. ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ ಕೇಳಿತು. ಬೊಗಸೆ ಜೋಳ ತಂದು ಜೋಳಿಗೆಗೆ ಹಾಕಿದ. ಅವಳು ಅವನ ಮುಖ ನೋಡದೆ ಬೀದಿಗಿಳಿದು ನಡೆದಳು.

ಬಿಸಿಲು ಏರಿತ್ತು. ಸಿಮೆಂಟು ರಸ್ತೆ ಕಾದಿತ್ತು.

"ಚಪ್ಪಲಿ ಹಾಕ್ಕೋಬೇ!" ಎಂದು ಕೂಗಿದ ಅಣ್ಣ. "ಸಕ್ಕರಿ ಬ್ಯಾನಿ ಐತಿ ನಿನಗ. ಕಾಲಿಗಿ ಗಾಯ ಆದ್ರ ಮಾಯಾಂಗಿಲ್ಲ!"

ಅವಳು ತಿರುಗಲಿಲ್ಲ. ಅಣ್ಣ ಬಾಗಿಲ ಬಳಿಯಿದ್ದ ಅವಳ ಚಪ್ಪಲಿ ಕೈಗೆತ್ತಿಕೊಂಡು ಕುಂಟುತ್ತ ಓಡಿದ. ಅವಳು ಹಾಕಿಕೊಳ್ಳಲಿಲ್ಲ. ಅವನು ಬಿಟ್ಟು ಬರಲೂ ಇಲ್ಲ. ಎರಡನೇ ಮನೆ, ಮೂರನೇ ಮನೆ, ಆಮೇಲೆ ಓಣಿಯ ತಿರುವು. ಅವಳು ಮುಂದೆ, ನಾಲ್ಕು ಮಾರು ಹಿಂದೆ ಅವನು, ತಾನು ಬೇರೆ ಏನೋ ಕೆಲಸಕ್ಕೆ ಹೊರಟವನಂತೆ ಮುಖ ಮಾಡಿಕೊಂಡು, ಕೈಯಲ್ಲಿ ತಾಯಿಯ ಚಪ್ಪಲಿ ಹಿಡಿದುಕೊಂಡು. ನಾನು ಕಟ್ಟೆಯ ಮೇಲೆ ನಿಂತು ಎಲ್ಲ ನೋಡಿದೆ. ಎಲ್ಲ ಎಂದೇ ಆಗ ಅಂದುಕೊಂಡಿದ್ದೆ.

ಮುಜಾವರರು ತುಟಿ ಅಲ್ಲಾಡಿಸದೆ ಸಕ್ಕರೆ ಓದಿದರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಜಗಳ ಶುರುವಾಯಿತು.

"ಹರಕಿ ತೀರ್ತು," ಎಂದಳು ದೊಡ್ಡವ್ವ. "ನನ್ನ ಹಿಂದ ಬರಿಗಾಲಿಲೆ ಬಂದಾನ ನನ್ನ ಮಗ."

"ಯಾರ್ ಹೇಳಿದ್ರು? ನನ್ನ ಕಾಲಾಗ ಚಪ್ಪಲಿ ಇದ್ವು. ನಾ ಬಂದಿದ್ದು ನಿನಗ ಚಪ್ಪಲಿ ಕೊಡಾಕ."

"ಇದ್ದಿದ್ದಿಲ್ಲ."

"ನೀ ಎಲ್ಲಿ ಹಿಂದ ತಿರುಗಿ ನೋಡಿದೀ? ಇಂವನ್ನ ಕೇಳು, ಇಂವ ನಿಂತು ನೋಡ್ಯಾನ. ಹೇಳಲೇ ತಮ್ಮಾ, ನೀನ ಸಾಕ್ಷಿ. ನೀ ಅಂತೂ ಸುಳ್ಳು ನಂಬಾಂವ ಅಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ದೊಡ್ಡವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದಳು. ನಾನು ನೆನಪು ಮಾಡಿಕೊಂಡೆ. ಅವಳ ಚಪ್ಪಲಿಯ ನೀಲಿ ಪಟ್ಟಿ ಕಣ್ಣಿಗೆ ಕಟ್ಟಿದಂತಿತ್ತು. ಅಣ್ಣನ ಕುಂಟು ನಡಿಗೆ, ಬೆವರಿದ ಬೆನ್ನು, ಎಲ್ಲ ಇತ್ತು. ಅವನ ಕಾಲು ಮಾತ್ರ ಇರಲಿಲ್ಲ. ಇಡೀ ಬೀದಿ ನೆನಪಿರುವವನಿಗೆ ಆ ಎರಡು ಪಾದಗಳಿದ್ದ ಜಾಗ ಖಾಲಿ. ಗೊತ್ತಿಲ್ಲ ಎನ್ನುವುದೇ ನನ್ನ ಓದಿಗೆ ತಕ್ಕ ಉತ್ತರವಾಗಿತ್ತು.

"ಬರಿಗಾಲಿಲೇ ಇದ್ದ," ಎಂದೆ.

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಮಡಚಿ ಕೂತಿದ್ದ ತನ್ನ ಕಾಲು ನೋಡಿಕೊಂಡ. ಇಲ್ಲ ಎನ್ನಲಿಲ್ಲ. ದೊಡ್ಡವ್ವ ಅವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು, ಅವನು ತಿಂದ. ಅವನಿಗಾದರೂ ನೆನಪಿತ್ತೋ ಇಲ್ಲವೋ, ಇವತ್ತಿನವರೆಗೆ ನಾನು ಕೇಳಿಲ್ಲ.